ಅಂಚಿನ ಹೆಸರು

ನಮ್ಮೂರಲ್ಲಿ ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಮಗ್ಗದ ಮುಂದೆ ನಿಂತವರು ಏನು ಗೊಣಗಿಕೊಂಡರೋ, ಏನು ಹಾಡಿಕೊಂಡರೋ ಅದೆಲ್ಲ ಬಟ್ಟೆಯೊಳಗೆ ಕೂತಿರುತ್ತದೆ. ಸ್ವಲ್ಪ ಗಾಳಿಯಾಡಿದರೆ ಸಾಕು, ಬಾಯಿ ಬಿಡುತ್ತದೆ. ಮೊದಲ ನೀರು ಬಿದ್ದ ಮೇಲೆ ತೆಪ್ಪಗಾಗುತ್ತದೆ. ಒಮ್ಮೆ ಮೇಲಿನ ಓಣಿಯ ಮದುಮಗನೊಬ್ಬ ಅವಸರದಲ್ಲಿ ತೊಳೆಯದ ಧೋತರ ಉಟ್ಟುಕೊಂಡು ಹಸೆಮಣೆಗೆ ಬಂದುಬಿಟ್ಟಿದ್ದ. ಅಕ್ಕಿಕಾಳು ಬೀಳುವ ಹೊತ್ತಿಗೆ ಯಾರೋ ಬೀಸಣಿಗೆ ಬೀಸಿದರು, ಅವನ ಮೊಣಕಾಲಿನ ಹತ್ತಿರದಿಂದ ನನ್ನ ದನಿ, "ಈ ಅತ್ತಿ ಅನ್ನಾಕಿ ಬ್ಯಾಳಿ ಡಬ್ಬಿಗೂ ಕೀಲಿ ಹಾಕ್ತಾಳ ನೋಡವ್ವ" ಎಂದು ಶುರುಮಾಡಿತು. ಮದುವೆಯೇನೂ ನಿಲ್ಲಲಿಲ್ಲ. ಆದರೆ ನಮ್ಮತ್ತೆ ಆ ಮದುವೆಗೆ ಬಂದಿದ್ದರು, ಮುಂದಿನ ಸಾಲಿನಲ್ಲೇ ಕೂತಿದ್ದರು.

ನಾನು ಫಕೀರವ್ವ. ನನ್ನ ಬಾಯಿ ಜೋರು ಎಂದು ಊರಲ್ಲಿ ಹೇಳುವವರು ಸುಳ್ಳು ಹೇಳುವುದಿಲ್ಲ. ಊರ ಬಟ್ಟೆ ಗಿರಣಿಯಲ್ಲಿ ದಿನವಿಡೀ ಮಗ್ಗದ ಮುಂದೆ ನಿಂತು ಕಾಲು ಬಾತುಕೊಂಡವಳಿಗೆ ಬಾಯಿಯಾದರೂ ಬೇಡವೇ? ಮಗ್ಗಗಳ ಗದ್ದಲದಲ್ಲಿ ಪಕ್ಕದವಳಿಗೂ ಕೇಳಿಸುವುದಿಲ್ಲ, ಬಟ್ಟೆಗೆ ಮಾತ್ರ ಕೇಳಿಸುತ್ತದೆ. ಹಾಗಾಗಿ ಬಟ್ಟೆಯ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದೆ. ನಾನು ನೇಯ್ದ ತಾನುಗಳನ್ನು, ಅಂದರೆ ಮಗ್ಗದಿಂದ ಇಳಿದ ಇಡೀ ಉದ್ದದ ಬಟ್ಟೆಗಳನ್ನು, ತೊಳೆಯುವ ಮನೆಯವರು ಎರಡೆರಡು ನೀರು ಹಾಕಿ ತೆಗೆಯುತ್ತಿದ್ದರು, ಎಲ್ಲಾದರೂ ಒಂದು ಮಾತು ಉಳಿದುಬಿಟ್ಟೀತು ಎಂಬ ಹೆದರಿಕೆಗೆ.

ಗಿರಣಿಯ ಪದ್ಧತಿ ಹೀಗಿತ್ತು. ಒಂದು ಮಗ್ಗಕ್ಕೆ ಇಬ್ಬರು. ಹೆಂಗಸು ಮಗ್ಗ ನಡೆಸಬೇಕು, ಕಡಿದ ಎಳೆ ಕೂಡಿಸಬೇಕು, ಲಾಳಿ ಬದಲಿಸಬೇಕು. ಗಂಡಸು ಬೆಳಿಗ್ಗೆ ಬಂದು ಎಣ್ಣೆ ಬಿಡಬೇಕು, ತಾನು ಮುಗಿದಾಗ ಕೊನೆಯ ಅಂಚಿನ ಎಳೆಗಳನ್ನೆಲ್ಲ ಸೇರಿಸಿ ಗಂಟು ಹಾಕಬೇಕು. ಗಂಟು ಹಾಕುವಾಗ ಅಂಚಿಗೆ ಬಾಯಿ ಹತ್ತಿರ ತಂದು, "ನೇಯ್ದವನು ಇಂಥವನು" ಎಂದು ತನ್ನ ಹೆಸರು ಹೇಳಬೇಕು. ಆಮೇಲೆ ತಾನು ಅಡಿವೆಪ್ಪನ ಮೇಜಿಗೆ ಹೋಗುತ್ತದೆ. ಅಡಿವೆಪ್ಪ ಎಂದರೆ ತಾನುಗಳನ್ನು ಪಾಸು ಮಾಡುವವನು, ಊರೆಲ್ಲ ಅವನಿಗೆ ಕಿವಿ ಅಡಿವೆಪ್ಪ ಅನ್ನುತ್ತದೆ. ಅವನು ಅಂಚನ್ನಷ್ಟೇ ಬೆರಳಲ್ಲಿ ಉಜ್ಜಿ ಕಿವಿಗೆ ಹಿಡಿಯುತ್ತಾನೆ, ಹೆಸರು ಕೇಳಿ ಠಸ್ಸೆ ಒತ್ತುತ್ತಾನೆ. ಹೆಸರು ಯಾರದೋ ಅವನೇ ನೇಕಾರ. ನೇಕಾರನಿಗೆ ಪೂರಾ ಪಗಾರ, ಗಿರಣಿಯ ಸಾಲುಮನೆಗಳ ಚಾಳಿನಲ್ಲಿ ಒಂದು ಮನೆ. ಅಂಚಿನಿಂದ ಈಚೆಗೆ ಇಡೀ ತಾನಿನ ತುಂಬ ದನಿ ತುಂಬಿದವಳು ಹೆಲ್ಪರ್, ಅವಳಿಗೆ ಅದರ ಅರ್ಧ.

ಎಷ್ಟೋ ಮಗ್ಗಗಳಲ್ಲಿ ಗಂಡ-ಹೆಂಡತಿಯೇ ಇರುತ್ತಿದ್ದರಿಂದ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಪಗಾರ ಯಾರ ಕೈಗೆ ಬಂದರೇನು, ಹೋಗುವುದು ಒಂದೇ ಮನೆಗೆ ಅನ್ನುತ್ತಿದ್ದರು. ಹಾಗೆ ಅನ್ನುತ್ತಿದ್ದವರು ಯಾರ ಕೈಗೆ ಬರುತ್ತಿತ್ತೋ ಅವರೇ. ನನ್ನ ಪಕ್ಕದ ಮಗ್ಗದ ಹುಸೇನ್‌ಬಿಗೆ ಗಂಡ ತೀರಿಹೋಗಿದ್ದ. ಅವಳ ತಾನು ಮುಗಿದಾಗ ಬೇರೆ ಮಗ್ಗದವನೊಬ್ಬ ತಂಬಾಕು ಉಗುಳಿ ಬಂದು, ಗಂಟು ಹಾಕಿ, ತನ್ನ ಹೆಸರು ಹೇಳಿ ಹೋಗುತ್ತಿದ್ದ. "ನೋಡ ಯಕ್ಕಾ, ಮಗ್ಗದ ಮುಂದ ನಿಂತು ಸಾಯಾಕಿ ನಾನು, ನೇಕಾರ ಅವ," ಎಂದು ಹುಸೇನ್‌ಬಿ ನಗುತ್ತಲೇ ಹೇಳುತ್ತಿದ್ದಳು. ಮಕ್ಕಳನ್ನು ಕಟ್ಟಿಕೊಂಡು ಅವಳಿದ್ದದ್ದು ಚಾಳಿನಲ್ಲಿ ಅಲ್ಲ, ಹಳ್ಳದ ದಂಡೆಯ ತಗಡಿನ ಮನೆಯಲ್ಲಿ.

ನಮ್ಮ ಮಗ್ಗದ ಗಂಟು ನಮ್ಮನೆಯವರದು. ಅವರ ಹೆಸರನ್ನು ನಾನು ಹೇಳುವುದಿಲ್ಲ, ಮದುವೆಯಾದಾಗಿನಿಂದ ಹೇಳಿಲ್ಲ. ಬೇರೆಯವರು ಹೇಳುತ್ತಾರೆ, ಕೇಳಿಕೊಳ್ಳಿ. ಬಯಲಾಟದಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಮನುಷ್ಯ, ದನಿ ಅಂದರೆ ದನಿ. ಅಂಚಿಗೆ ಹೆಸರು ಹೇಳುವಾಗಲೂ ಆಸ್ಥಾನಕ್ಕೆ ಬಂದವರ ಹಾಗೆ ಹೇಳುತ್ತಿದ್ದರು. "ಲಾಳಿ ಯಾವ ಕಡಿಂದ ಯಾವ ಕಡೆ ಓಡತೈತಿ ಅನ್ನೂದರ ಗೊತ್ತೈತೇನ್ರಿ ನಿಮಗ?" ಎಂದು ನಾನು ಕೆಣಕಿದರೆ, "ಗಂಟು ನಂದು, ಹೆಸರೂ ನಂದು, ನೀ ಸುಮ್ನಿರು," ಎಂದು ಮೀಸೆ ತಿರುವುತ್ತಿದ್ದರು. ಒಳ್ಳೆಯ ಮನುಷ್ಯ. ಇರುವ ಪದ್ಧತಿಯನ್ನು ಪ್ರಶ್ನೆ ಮಾಡುವ ಜಾಯಮಾನ ಅವರದಲ್ಲ, ಅಷ್ಟೇ.

ಅವರಿಗೆ ಹತ್ತಿಯ ಧೂಳು ಮೊದಲು ಕೆಮ್ಮಾಗಿ ಬಂತು. ಆಮೇಲೆ ದನಿ ಒಡೆಯಿತು, ಆಮೇಲೆ ಸಣ್ಣಗಾಯಿತು, ಒಂದು ದಿನ ಅನ್ನ ನೀಡೆನ್ನುವುದಕ್ಕೂ ತಟ್ಟೆ ಬಡಿಯುವ ಹಾಗಾಯಿತು. ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಉಸಿರು ಉಳಿದಿರುವುದೇ ಪುಣ್ಯ, ಧೂಳಿನಿಂದ ದೂರ ಇರಿ ಅಂದರು. ದೂರ ಇದ್ದರೆ ಹೊಟ್ಟೆಗೇನು? ಬಾಯಿಗೆ ಟವಲು ಕಟ್ಟಿಕೊಂಡು ಬಂದು ಗಂಟು ಹಾಕಿದರು. ಅಂಚಿಗೆ ಬಾಯಿ ತಂದು ಹೆಸರೂ ಹೇಳಿದರು. ಅಡಿವೆಪ್ಪ ಉಜ್ಜಿ ಉಜ್ಜಿ ಕೇಳಿ ತಾನನ್ನು ನನ್ನ ಕಡೆ ತಳ್ಳಿದ. "ಏನೂ ಕೇಳಿಸವಲ್ದು ತಂಗಿ. ಬರೇ ಗಾಳಿ ಐತಿ."

ಮ್ಯಾನೇಜರ್ ಸಾಹೇಬರು ಕೆಟ್ಟದಾಗಿ ಮಾತಾಡಲಿಲ್ಲ, ಕುರ್ಚಿ ತೋರಿಸಿದರು ಕೂಡ. "ಅಮಾವಾಸ್ಯೆ ತನಕ ನೋಡ್ತೀನಮ್ಮ. ತಿಂಗಳಿಗೆ ಒಂದಾದ್ರೂ ತಾನು ಹೆಸರಿನ ಮೇಲೆ ಪಾಸಾದ್ರೆ ಮನೆ ನಿಮ್ದೇ. ಇಲ್ಲಾಂದ್ರೆ ನಿನ್ನ ಮಗ್ಗಕ್ಕೆ ಹೊಸ ನೇಕಾರನ್ನ ಹಾಕ್ಬೇಕಾಗುತ್ತೆ, ಮನೆ ಅವನಿಗೆ ಹೋಗುತ್ತೆ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ, ನೀನು ಹೆಲ್ಪರ್ ಆಗೇ ಇರು." ಕೆಲಸ ನಾನೇ ಮಾಡಬೇಕು, ಮನೆ ಮಾತ್ರ ಎಣ್ಣೆ ಬಿಡುವವನಿಗೆ. ನಮ್ಮತ್ತೆಗೆ ಕಣ್ಣು ಕಾಣುವುದಿಲ್ಲ, ಆ ಮನೆಯ ಗೋಡೆ ಸವರಿಕೊಂಡೇ ಬಚ್ಚಲಿಗೆ ಹೋಗಿಬರುತ್ತಾರೆ. ಬೇರೆ ಗೋಡೆಗೆ ಅವರನ್ನು ಹೇಗೆ ಒಗ್ಗಿಸಲಿ?

ಸಂಜೆ ಹುಸೇನ್‌ಬಿ ಮನೆಗೆ ಬಂದಳು. "ಯಕ್ಕಾ, ಅಳಕೋಂತ ಕುಂತ್ರ ಏನಾಕೈತಿ? ದೀಪಾವಳಿಗೆ ಕೊಟ್ಟ ತುಂಡು ಐತಲ್ಲ ನಿನ್ನ ಟ್ರಂಕಿನ್ಯಾಗ, ಅದನ್ನ ತಗಿ," ಅಂದಳು. ಹಬ್ಬಕ್ಕೆ ಗಿರಣಿಯವರು ಪ್ರತಿ ಮಗ್ಗಕ್ಕೂ ಅದರದೇ ಒಂದು ಕೊನೆ ತುಂಡನ್ನು ತೊಳೆಯದೆ ಹಾಗೇ ಕೊಡುತ್ತಾರೆ. ಆ ಸಲದ್ದನ್ನು ನಾನು ನೀರಿಗೆ ಹಾಕಿರಲಿಲ್ಲ, ಬರೀ ಸೋಮಾರಿತನಕ್ಕೆ. ಅದರ ಅಂಚಿನಲ್ಲಿ ನಮ್ಮನೆಯವರ ದನಿ ಕೆಮ್ಮು ಹತ್ತುವ ಮುಂಚಿನದು, ಪೂರ್ತಿ ಇತ್ತು. ಆ ಅಂಚು ಕತ್ತರಿಸಿ ಹೊಸ ತಾನಿಗೆ ಹೊಲಿದುಬಿಡು, ಅಡಿವೆಪ್ಪ ಕಿವಿಯಿಂದ ನೋಡುತ್ತಾನೆ, ಕಣ್ಣಿಂದ ನೋಡುವುದಿಲ್ಲ, ಈ ತಿಂಗಳಿನ ಮನೆ ಉಳಿಯುತ್ತದೆ, ಮುಂದಿನದು ಮುಂದೆ ಎಂದಳು.

ನಮ್ಮನೆಯವರೇ ಎದ್ದು ಟ್ರಂಕು ತೆಗೆದು ತುಂಡನ್ನು ಕೊಡವಿದರು. "ನೇಯ್ದವನು ಯಮನೂರಪ್ಪ" ಎಂದು ಮನೆ ತುಂಬ ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ, "ಯಮನೂರಾ, ಬಾಯಿ ಬಂತೇನೋ ನನ ಮಗನ," ಎಂದು ಕೈ ಚಾಚಿದರು. ಇವರು ಅವ್ವನ ಕೈ ಹಿಡಿದುಕೊಂಡರು. ಆಮೇಲೆ ಕತ್ತರಿ ತಂದು ನನ್ನ ಕೈಗಿಟ್ಟರು. ಹೊಲಿದು ಪಾಸಾದ ತಾನು ನೀರಿಗೆ ಹೋಗುತ್ತದೆ. ನೀರಿಗೆ ಹೋದರೆ ಆ ದನಿ ಈ ಭೂಮಿಯ ಮೇಲೆ ಇನ್ನೆಲ್ಲೂ ಇರುವುದಿಲ್ಲ. ನನ್ನ ಕೈ ಏಳಲಿಲ್ಲ. "ಮನಿ ಹೋದ್ರ ಇನ್ನೊಂದು ಸಿಗತೈತಿ, ಬಿಡ್ರಿ," ಎಂದು ಕತ್ತರಿಯನ್ನು ಒಲೆಯ ಹಿಂದೆ ಒಗೆದೆ. ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವತ್ತು ನಾನು ಹೊಟ್ಟೆ ತುಂಬ ಅತ್ತೆ.

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಗಂಟು ಅವರು ಹಾಕಲಿ, ಹೆಸರನ್ನು ಅವರ ಬದಲು ನಾನು ಹೇಳಿಬಿಡೋಣ. ಹೇಳುವುದೇನು ದೊಡ್ಡ ಕೆಲಸ? ದಾರಿಯುದ್ದಕ್ಕೂ, ಮಗ್ಗದ ಮುಂದೆಯೂ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ತಾನು ಮುಗಿಯಿತು, ಅವರು ಗಂಟು ಬಿಗಿದರು, ನಾನು ಅಂಚಿಗೆ ಬಗ್ಗಿದೆ. ಮೊದಲಕ್ಷರ ಬಾಯಿಗೆ ಬಂತು, ಅಲ್ಲೇ ನಿಂತಿತು. ಕಿವಿಯೆಲ್ಲ ಬಿಸಿಯಾಯಿತು. ಎದುರಿಗೆ ಅವರು ಟವಲು ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಕೊನೆಗೆ ನನ್ನ ಬಾಯಿಂದ ಬಿದ್ದದ್ದು, "ನೇಯ್ದವರು... ನಮ್ಮನಿಯವರು."

ಅಡಿವೆಪ್ಪ ಒಮ್ಮೆ ಕೇಳಿದ, ನಂಬದೆ ಇನ್ನೊಮ್ಮೆ ಕೇಳಿದ. "ಯಾರ ಮನಿಯವ್ರು, ತಂಗಿ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಅಡಿವೆಪ್ಪನ ಹೆಂಡತಿ ಬಾಳವ್ವ ಆ ಕಡೆಯ ಮಗ್ಗದಲ್ಲಿದ್ದಳು, ಯಾವತ್ತೂ ತುಟಿ ಬಿಚ್ಚದವಳು, ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬೇರೆಯವರ ಮನೆಯ ಮಾತಾಗಿದ್ದರೆ ನಾನೂ ನಗುತ್ತಿದ್ದೆ. ಅಡಿವೆಪ್ಪ ತಾನನ್ನು ಹಿಂದಕ್ಕೆ ಕೊಟ್ಟ.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಗೊತ್ತಿಲ್ಲ, ಎಲ್ಲರ ಮೇಲೆ. ಮುಂದಿನ ತಾನನ್ನು ಹಾಗೇ ಉರಿಯುತ್ತಲೇ ನೇಯ್ದೆ. ಮ್ಯಾನೇಜರರನ್ನು ಬೈದೆ, ಅಡಿವೆಪ್ಪನನ್ನು ಬೈದೆ, ಹೇಳಲಾರದ ನನ್ನ ನಾಲಿಗೆಯನ್ನು ಬೈದೆ. ನೇಯುತ್ತ ನೇಯುತ್ತ, ಅಲ್ಲ, ಇದನ್ನು ನಾನು ಯಾಕೆ ಇನ್ನೊಬ್ಬರ ಹೆಸರಿಗೆ ಒದ್ದಾಡಬೇಕು ಅನ್ನಿಸಿತು. ಕೊನೆಯಲ್ಲಿ ಅವರು ಗಂಟು ಹಾಕಿದ ಮೇಲೆ ಬಗ್ಗಿ, "ನೇಯ್ದವಳು ಫಕೀರವ್ವ" ಎಂದೆ. ನಾಲಿಗೆ ಎಲ್ಲೂ ತಡೆಯಲಿಲ್ಲ. ತಲೆ ಎತ್ತಿದರೆ ನಮ್ಮನೆಯವರು ಗಾಬರಿಯಲ್ಲಿದ್ದರು. ಆಮೇಲೆ ಟವಲಿನ ಒಳಗೇ ಅವರ ಕೆನ್ನೆ ಅಗಲವಾಯಿತು.

ಅಡಿವೆಪ್ಪ ಕೇಳಿ ಮ್ಯಾನೇಜರರ ಬಾಗಿಲ ಕಡೆ ನೋಡಿದ. "ತಂಗಿ, ಇದನ್ನ ನಾ ಕೇಳೇ ಇಲ್ಲ ಅಂತ ತಿಳ್ಕೊ." ನಾನು, "ಹಂಗಾರ ನಿಮ್ಮ ಕಿವಿ ಕೆಟ್ಟೈತಿ, ಅಣ್ಣಾರ," ಎಂದೆ. ಪಾಸಾಗದ ತಾನಿಗೆ ನೀರಿಲ್ಲ ಎಂಬುದು ಗಿರಣಿಯದೇ ಕಾಯಿದೆ. ನನ್ನ ತಾನು ಮ್ಯಾನೇಜರರ ಕೋಣೆಯ ಪಕ್ಕದ ಗೋದಾಮಿಗೆ ಹೋಯಿತು. ಆ ತನಕ ಅಲ್ಲಿ ಹರಿದ ತುಂಡುಗಳು ಮಾತ್ರ ಇದ್ದವು.

ಮರುದಿನ ಹುಸೇನ್‌ಬಿ ತನ್ನ ತಾನು ಮುಗಿದಾಗ ತಂಬಾಕಿನವನಿಗೆ ಹೇಳಿಕಳಿಸಲಿಲ್ಲ. ತಾನೇ ಎಳೆ ಸೇರಿಸಿ ಗಂಟು ಬಿಗಿದಳು. ಹೆಂಗಸು ಹಾಕಿದ ಗಂಟು ನಿಲ್ಲುವುದಿಲ್ಲ ಎಂದು ಎಲ್ಲರೂ ನಂಬಿದ್ದ ಗಿರಣಿ ಅದು. "ಮೂರು ಹುಡುಗ್ಯಾರ ಜಡಿ ಹಾಕೂ ಕೈ ಯಕ್ಕಾ ಇದು, ಗಂಟು ಬರಂಗಿಲ್ಲೇನ?" ಎಂದು ಎಳೆದು ತೋರಿಸಿದಳು. ಬಗ್ಗಿ ತನ್ನ ಹೆಸರನ್ನು ಎರಡು ಸಲ ಹೇಳಿದಳು, ಒಂದು ಇಷ್ಟು ವರ್ಷದ ಬಾಕಿಗೆ ಅಂತೆ. ಅದೂ ಗೋದಾಮಿಗೆ ಹೋಯಿತು. ಅದರ ಹಿಂದೆ ಇನ್ನೊಬ್ಬಳದು, ಮತ್ತೊಬ್ಬಳದು. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಗಂಡಸರಲ್ಲಿ ಕೆಲವರು ಸಿಟ್ಟಾಗಿ, ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಎಂದು ಗಂಟು ಹಾಕುವುದನ್ನೇ ಬಿಟ್ಟರು. ಆ ಮಗ್ಗಗಳಿಗೆ ನಮ್ಮನೆಯವರೇ ಹೋಗಿ ಗಂಟು ಹಾಕಿದರು. ಪಗಾರವಿಲ್ಲದ ಗಂಟು. ಬೇಡ ಎಂದರೆ ನನಗೇ ಕಣ್ಣು ಬಿಟ್ಟರು.

ಗೋದಾಮು ತುಂಬಿತು. ಅದರ ಕಿಟಕಿಗೆ ಬರೀ ಜಾಲರಿ, ಹಳ್ಳದ ಕಡೆಯ ಗಾಳಿ ನೇರ ಒಳಗೆ. ಬೆಳಗಾದರೆ ಒಳಗಿಂದ ಹೆಸರುಗಳು. ಹೆಸರಿನ ಹಿಂದೆ ನಮ್ಮ ಹಾಡು, ನಮ್ಮ ಜಗಳ, ಮನೆಯಲ್ಲಿ ಬಿಟ್ಟುಬಂದ ಕೂಸಿನ ಚಿಂತೆ, ಸಂಡಾಸಿಗೆ ಬಾಗಿಲಿಲ್ಲ ಎಂಬ ಬೈಗುಳ. ಮ್ಯಾನೇಜರ್ ಸಾಹೇಬರು ಕಿಟಕಿಗೆ ಗೋಣಿಚೀಲ ಕಟ್ಟಿಸಿದರು. ಒಳಗೆ ಸೆಕೆಯಾಗಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆಂದು ಮತ್ತೆ ಬಿಚ್ಚಿಸಿದರು. ಊರವರು ಸಂಜೆ ಶೇಂಗಾ ಕಟ್ಟಿಕೊಂಡು ಬಂದು ಗೋದಾಮಿನ ಹೊರಗೆ ಕೂರತೊಡಗಿದರು. ಮಾಲು ಒಯ್ಯಲು ಪರವೂರಿನ ವ್ಯಾಪಾರಿಗಳು ಬಂದು, ಮಾಲಿಲ್ಲ ಎಂದು ಮ್ಯಾನೇಜರರು ವಿವರಿಸುತ್ತಿದ್ದ ಹೊತ್ತಿಗೆ ಪಕ್ಕದಿಂದ ನನ್ನ ದನಿ, "ಈ ಸಾಹೇಬಗ ಹೊಟ್ಟಿ ಐತಿ, ಹೊಟ್ಟ್ಯಾಗ ಕರುಳಿಲ್ಲ," ಅಂದಿತಂತೆ. ವ್ಯಾಪಾರಿಗಳು ಪಾಪ, ಚಾವಣಿ ನೋಡುತ್ತ ಚಹಾ ಕುಡಿದರಂತೆ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಮ್ಯಾನೇಜರ್ ಸಾಹೇಬರ ಸಹನೆ ಕೆಟ್ಟಿತು. ಅಡಿವೆಪ್ಪನನ್ನು ಗೋದಾಮಿನ ಬಾಗಿಲಿಗೆ ಕರೆದು, "ಎಲ್ಲಕ್ಕೂ ಠಸ್ಸೆ ಹೊಡಿ. ಮಗ್ಗದ ಗಂಡಸಿನ ಹೆಸರು ಕೇಳಿಸ್ತು ಅಂತ ಹಾಕು. ಸಂಜೆ ಒಳಗೆ ಎಲ್ಲ ನೀರಿಗೆ ಹೋಗ್ಬೇಕು," ಅಂದರು. ನಾವು ಮಗ್ಗ ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದೆವು. ನೀರಿಗೆ ಹೋದರೆ ಮುಗಿಯಿತು. ನಾವು ಹೇಳಿದ್ದೂ ಇಲ್ಲ, ನಾವೂ ಇಲ್ಲ. ನಾಳೆ ನಾನು ಅತ್ತೆಯನ್ನು ಕೈಹಿಡಿದು ಎಲ್ಲಿಗೆ ಕರೆದೊಯ್ಯಲಿ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಅಡಿವೆಪ್ಪ ಠಸ್ಸೆ ಹಿಡಿದು ಮೇಲಿನ ತಾನನ್ನು ಎಳೆದುಕೊಂಡ, ಆ ದಿನ ಅವನ ಮೇಜಿಗೆ ಹೋಗದೆ ನೇರ ಗೋದಾಮಿಗೆ ಬಂದುಬಿದ್ದದ್ದು. ಕೇಳುವುದು ಬೇಕಿರಲಿಲ್ಲ, ಆದರೂ ರೂಢಿ ಬಿಡಬೇಕಲ್ಲ, ಕೈ ತಾನಾಗಿ ಬಟ್ಟೆಯನ್ನು ಕಿವಿಗೆ ಒಯ್ದಿತು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಅಂಚಲ್ಲ, ತಾನಿನ ನಡು. ಅವನು ಹಾಗೇ ನಿಂತುಬಿಟ್ಟ. ಆಮೇಲೆ ತಾನನ್ನು ಒಂದೊಂದೇ ಮಡಿಕೆ ಬಿಚ್ಚುತ್ತ ಕೇಳತೊಡಗಿದ. ಬಾಗಿಲಿನವರೆಗೂ ಕೇಳಿಸುತ್ತಿತ್ತು, ಬೀಸುವ ಹಾಡು, ಎಷ್ಟು ಇಂಪಾದ ದನಿ ಎಂದರೆ ನಮಗೂ ಯಾರದೆಂದು ತಿಳಿಯಲಿಲ್ಲ. ಅಡಿವೆಪ್ಪನ ಕಾಲ ಬಳಿ ಬಟ್ಟೆಯ ರಾಶಿಯೇ ಬಿತ್ತು. ಕೊನೆಗೆ ಅಂಚು ಬಂತು. "ನೇಯ್ದವಳು ಬಾಳವ್ವ."

ದಿನವಿಡೀ ಕೇಳಿ ದಣಿದ ಕಿವಿಗೆ ಮನೆಯಲ್ಲಿ ಸದ್ದು ಬೇಡ ಎಂದು ಮದುವೆಯಾದ ಹೊಸದರಲ್ಲೇ ಅಡಿವೆಪ್ಪ ಹೇಳಿದ್ದನಂತೆ. ಅವಳು ಅವತ್ತಿನಿಂದ ಹೂಂ, ಉಹೂಂಗಳಲ್ಲೇ ಸಂಸಾರ ಮಾಡಿದ್ದಳು. ಅವನು ನಮ್ಮ ನಡುವೆ ಹೆಂಡತಿಯನ್ನು ಹುಡುಕಿ ನೋಡಿದ. "ನೀ ಹಾಡ್ತಿಯೇನ?" ಎಂದ. ಬಾಳವ್ವ ನೆಲ ನೋಡುತ್ತ, "ಕೇಳೋರಿದ್ರ ಮನ್ಯಾಗೂ ಹಾಡ್ತೀನಿ," ಅಂದಳು.

"ಏನಯ್ಯಾ, ಹೊಡಿ ಠಸ್ಸೆ," ಎಂದರು ಮ್ಯಾನೇಜರ್ ಸಾಹೇಬರು. "ಹೊಡಿತೀನ್ರಿ," ಎಂದ ಅಡಿವೆಪ್ಪ, "ನೇಯ್ದವಳು ಬಾಳವ್ವ ಅಂತ ಕೇಳಿಸ್ತು, ಅದಕ್ಕ ಹೊಡಿತೀನಿ." ಅದು ಕೇಳಿಸಲಿಲ್ಲ ಅಂತ ಹಾಕು ಎಂದು ಸಾಹೇಬರು ಹಲ್ಲು ಕಡಿದರು. ಅಡಿವೆಪ್ಪ ಹೇಳಿದ: "ಕೇಳಿಸಿದ್ದು ಹೇಳಾಕ ನಂಗ ಪಗಾರ ಕೊಡ್ತೀರಿ, ಸಾಹೇಬ್ರ. ಕೇಳಿಸಿದ್ದು ಕೇಳಿಸಿಲ್ಲ ಅನ್ನೂದಕ್ಕ ಬ್ಯಾರೆ ಕಿವಿ ತರಿಸ್ರಿ." ಬೇರೆ ಕಿವಿ ಊರಲ್ಲಿರಲಿಲ್ಲ. ವ್ಯಾಪಾರಿಗಳು ಧರ್ಮಶಾಲೆಯಲ್ಲಿ ಕಾಯುತ್ತಿದ್ದರು. ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಒಳಗೆ ಹೋದರು. ಅಡಿವೆಪ್ಪ ಠಸ್ಸೆ ಎತ್ತಿದ. ಅದು ಬಟ್ಟೆಯ ಮೇಲೆ ಬಿದ್ದ ಸದ್ದಿಗೆ ಹುಸೇನ್‌ಬಿ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಳು.

ಆಮೇಲೆ ಮಾತುಕತೆ ನಡೆಯಿತು, ಜಗ್ಗಾಟ ನಡೆಯಿತು, ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಈಗ ಅಂಚಿನಲ್ಲಿ ಎರಡು ಹೆಸರು, ನೇಯ್ದವಳದು ಒಂದು, ಗಂಟು ಹಾಕಿದವನದು ಒಂದು, ಇಬ್ಬರಿಗೂ ಸಮ ಪಗಾರ. ಗಂಟನ್ನೂ ತಾನೇ ಹಾಕಿದವಳಿಗೆ ಎರಡರದೂ ಸಿಗಬೇಕು ಎಂದು ಹುಸೇನ್‌ಬಿ ಇನ್ನೂ ಜಗಳವಾಡುತ್ತಿದ್ದಾಳೆ, ಗೆಲ್ಲುತ್ತಾಳೆ. ಚಾಳಿನ ಮನೆ ನಮಗೇ ಉಳಿಯಿತು, ಸದ್ಯಕ್ಕೆ ನಮ್ಮ ಗೋಡೆಯ ಆಚೆಗೇ ಅವಳ ಮನೆ. ಗಂಟು ಹಾಕುವುದನ್ನು ಶೆಡ್ಡಿನ ಹೊರಗಿನ ಕಟ್ಟೆಗೆ ತರಿಸಿದ್ದೇವೆ, ಧೂಳಿನಿಂದ ದೂರ. ಹಬ್ಬದ ಬೋನಸ್ ಹೆಂಗಸರಿಗೆ ಇನ್ನೂ ಕಮ್ಮಿ. ಅದರ ಬಗ್ಗೆ ಮಗ್ಗದ ಮುಂದೆ ದಿನಾ ಹೇಳಿಕೊಳ್ಳುತ್ತಿದ್ದೇವೆ, ಗೋದಾಮು ಇದ್ದೇ ಇದೆ.

ನನಗೆ ಮಾತ್ರ ಒಂದು ಪೇಚು ಉಳಿಯಿತು. ಗಂಟು ಹಾಕಿದವರ ಹೆಸರು ಅಂಚಿನಲ್ಲಿ ಇರಲೇಬೇಕು, ನಮ್ಮನೆಯವರಿಗೆ ಬಾಯಿಲ್ಲ. ಹೊಸ ಪದ್ಧತಿಯ ಮೊದಲ ದಿನ ಕಟ್ಟೆಯ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನೇಯ್ದವಳು ಫಕೀರವ್ವ" ಎಂದೆ. ಆಮೇಲೆ ಸೆರಗನ್ನು ತಲೆಯ ಮೇಲೆ ಪೂರ್ತಿ ಎಳೆದುಕೊಂಡು, ಕಣ್ಣು ಮುಚ್ಚಿ, ಅಂಚನ್ನು ತುಟಿಗೆ ಒತ್ತಿ ಹೇಳಿದೆ. ಎಷ್ಟು ಸಣ್ಣಗೆ ಎಂದರೆ ಅಡಿವೆಪ್ಪ ಬಹಳ ಹೊತ್ತು ಉಜ್ಜಬೇಕಾಯಿತು. "ಕೇಳಿಸ್ತು ಬಿಡು ತಂಗಿ," ಎಂದು ಠಸ್ಸೆ ಒತ್ತಿದ.

ಅವತ್ತು ಸಂಜೆ ಮನೆಗೆ ಬಂದರೆ ನಮ್ಮನೆಯವರು ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು ದೀಪಾವಳಿಯ ತುಂಡನ್ನು ಹಿಡಿದು ಕೂತಿದ್ದರು. ಏನ್ರಿ ಇದು ಎಂದೆ. ತುಂಡನ್ನು ತೋರಿಸಿದರು, ನನ್ನನ್ನು ತೋರಿಸಿದರು, ತಮ್ಮ ಎದೆ ತೋರಿಸಿ ಇಲ್ಲ ಎಂದು ಕೈಯಾಡಿಸಿದರು. ಅದರಲ್ಲಿರುವುದು ಸುಳ್ಳು, ನೇಯ್ದವಳು ನೀನು, ತೊಳೆದುಬಿಡುತ್ತೇನೆ ಎಂದು. ನಾನು ತುಂಡನ್ನು ಕಿತ್ತುಕೊಂಡು ಬಕೆಟ್ಟನ್ನು ಕಾಲಿಂದ ಆಚೆ ಸರಿಸಿದೆ. "ಮಾತು ಸುಳ್ಳಿದ್ರ ಇರ್ಲಿ, ದನಿ ನಿಮ್ದು," ಅಂದೆ.

ತುಂಡು ಈಗ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತದೆ. ನಮ್ಮತ್ತೆ ಗೋಡೆ ಸವರಿಕೊಂಡು ಹೋಗುವಾಗ ಅಲ್ಲಿ ನಿಂತು ಅದನ್ನು ಒಮ್ಮೆ ಅಲುಗಿಸುತ್ತಾರೆ. ಸಂಜೆಯ ಗಾಳಿಗೆ ಅದು ರಾಜನ ಹಾಗೆ, "ನೇಯ್ದವನು ಯಮನೂರಪ್ಪ" ಅನ್ನುತ್ತದೆ. ನಾನು ಒಲೆಯ ಮುಂದೆ ಕೂತಲ್ಲಿಂದಲೇ, "ಅಲ್ಲ, ನಾನು" ಅನ್ನುತ್ತೇನೆ. ನಮ್ಮನೆಯವರು ಗೋಡೆಗೆ ಒರಗಿ, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.